ವಿಮಾನ ಇಳಿಯುವ ನೆಲ

"ಬಂತು, ಬಂತು!" ಎಂದು ಜನರೆಲ್ಲ ಕತ್ತು ಮೇಲೆತ್ತಿದರು. ಕಬ್ಬಿನ ಹೊಲಗಳ ಆಚೆ, ಕಾರ್ಖಾನೆಯ ಚಿಮಣಿಯ ಪಕ್ಕದಲ್ಲಿ ಹಳದಿ ಬಣ್ಣದ ಪುಟ್ಟ ವಿಮಾನ ಕಾಣಿಸಿತು. ಗೂಟ ನೆಟ್ಟು ಕಟ್ಟಿದ ಹಗ್ಗದ ಈಚೆ ನಿಂತಿದ್ದ ನೂರಾರು ಮಂದಿಯಲ್ಲಿ ರುಕ್ಮವ್ವ ಒಬ್ಬಳೇ ಆಕಾಶ ನೋಡಲಿಲ್ಲ. ಅವಳ ಕಣ್ಣು ಸುಣ್ಣ ಬಳಿದ ಮೂರನೆಯ ಕಲ್ಲಿನ ಹತ್ತಿರದ ಕೆಂಪು ಗರಸಿನ ನೆಲದ ಮೇಲಿತ್ತು.

"ಅವ್ವಾ, ಮ್ಯಾಲ ನೋಡ ಬೇ!" ಮಗಳು ಅಕ್ಕಾತಾಯಿ ಸೆರಗು ಜಗ್ಗಿದಳು.

"ನೀ ನೋಡು. ನಾ ಇಲ್ಲೇ ನೋಡ್ತೀನಿ."

"ಎರಡು ಹರದಾರಿ ನಡದ ಬಂದು ಮಣ್ಣ ನೋಡ್ತಾಳಂತ," ಅತ್ತೆ ಲಕ್ಕವ್ವ ಮಗನ ಕಡೆ ತಿರುಗಿ ಹೇಳಿದಳು. "ಮನಿ ಮುಂದ ಮಣ್ಣ ಇರಲಿಲ್ಲೇನ?"

ಧರೆಪ್ಪ ನಕ್ಕ. ಸೋಮವಾರವಾದ್ದರಿಂದ ಎತ್ತಿನ ಹೆಗಲಿಗೆ ನೊಗ ಇಡುವಂತಿರಲಿಲ್ಲ. ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ನಾಲ್ವರೂ ಬೆಳಿಗ್ಗೆಯೇ ನಡೆದು ಬಂದಿದ್ದರು.

ಆ ವರ್ಷ, ಎಂಬತ್ತೈದರ ಮಳೆಗಾಲದಲ್ಲಿ, ಕಬ್ಬಿಗೆ ಹುಳ ಬಿದ್ದಿತ್ತು. ಮೇಲಿನಿಂದ ಔಷಧ ಹೊಡೆಯಲು ಕಾರ್ಖಾನೆಯವರು ವಿಮಾನ ತರಿಸುತ್ತಾರೆಂದು ಸುದ್ದಿಯಾಯಿತು. ಅದು ಇಳಿದು ಏಳಲು ಮುಗಳಖೋಡದ ಹಾದಿಯ ಗೋಮಾಳದಲ್ಲಿ ಗರಸು ಹಾಕಿ ಉದ್ದನೆಯ ಪಟ್ಟಿ ಮಾಡಿ, ಅಂಚಿಗೆ ಸುಣ್ಣದ ಕಲ್ಲು ನೆಟ್ಟರು. ಆ ಕೆಲಸಕ್ಕೆ ಊರಿನ ಹೆಂಗಸರೊಂದಿಗೆ ರುಕ್ಮವ್ವನೂ ಹೋಗಿದ್ದಳು. ಬುಟ್ಟಿ ಹೊತ್ತಳು, ನೀರು ಚಿಮುಕಿಸಿದಳು. ರೋಲರ್ ಓಡಿಸಿ ಎಲ್ಲ ಮುಗಿಯಿತು ಎಂದ ದಿನ, ಬರಿಗಾಲಲ್ಲಿ ಮನೆಯ ಕಡೆ ಹೊರಟವಳು ಮೂರನೆಯ ಕಲ್ಲಿನ ಹತ್ತಿರ ನಿಂತುಬಿಟ್ಟಳು.

ಸುಗ್ಗಿಗೆ ಕಣ ಮಾಡುವ ಹೆಂಗಸರಿಗೆ ಅಂಗಾಲೇ ಕಣ್ಣು. ನೆಲ ಮೇಲೆ ಗಟ್ಟಿಯಾಗಿ ಒಳಗೆ ಪೊಳ್ಳಾಗಿದ್ದರೆ ಹೆಜ್ಜೆ ಇಟ್ಟ ಕೂಡಲೇ ತಿಳಿಯುತ್ತದೆ. ಅವಳು ಕೆಲಸ ಮಾಡಿಸುತ್ತಿದ್ದ ಮುಕಾದಮ ಜ್ಞಾನದೇವನಿಗೆ ಹೇಳಿದಳು.

"ಏ ಬಾಯೆ, ಅದರ ಮ್ಯಾಲ ರೋಲರ್ ಓಡೈತಿ," ಅವನು ನಕ್ಕಿದ್ದ. "ನಿನ್ನ ಕಾಲು ರೋಲರಗಿಂತ ಶ್ಯಾಣ್ಯಾ ಏನ?"

ಅವಳು ಒಂದು ಕೊಡ ನೀರು ತಂದು ಸುರಿದಳು. ನೀರು ಹರಿಯಲೂ ಇಲ್ಲ, ನಿಲ್ಲಲೂ ಇಲ್ಲ. ಗುಳುಗುಳು ಎಂದು ಒಳಗೆ ಇಳಿದುಹೋಯಿತು. ಜ್ಞಾನದೇವನ ನಗು ನಿಂತಿತು. ಹತ್ತು ಮಾರು ನೆಲ ಅಗೆಸಿ ಮತ್ತೆ ತುಂಬಿಸಿದ. ಎಲ್ಲರಿಗೂ ಎರಡು ದಿನ ಹೆಚ್ಚಿನ ದುಡಿತ. ಜೊತೆಯ ಹೆಂಗಸರು ಸಿಟ್ಟಾದರು. "ವಿಮಾನಕ್ಕ ನೆಲ ಸಾರಿಸಿ ರಂಗೋಲಿ ಹಾಕಾಕ ಬಂದಾಳ ನೋಡ್ರೆ," ಎಂದು ಆಡಿಕೊಂಡರು. ಆ ಮಾತು ಊರೆಲ್ಲ ತಿರುಗಿ ಲಕ್ಕವ್ವನ ಕಿವಿಗೂ ಬಿತ್ತು.

"ಗಂಡಸರ ಮುಂದ ಶ್ಯಾಣ್ಯಾತನ ತೋರಸ್ತಿ? ನಾಳೆ ವಿಮಾನ ಅಲ್ಲೇ ಎಗರಿತಂದ್ರ ಊರಾಗ ಮಾರಿ ಹೆಂಗ ತೋರಸೂದು?" ಎಂದಿದ್ದಳು ಅತ್ತೆ. ಅದಾದ ಮೇಲೆ ರುಕ್ಮವ್ವ ಯಾರ ಮುಂದೆಯೂ ಆ ಮಾತು ಎತ್ತಿರಲಿಲ್ಲ. ಈಗ ಅದೇ ಹೆಂಗಸರು ನಾಲ್ಕು ಮಾರು ದೂರದಲ್ಲಿ, ಸೆರಗು ಬಾಯಿಗೆ ಹಿಡಿದು, ವಿಮಾನವನ್ನೊಮ್ಮೆ ಇವಳನ್ನೊಮ್ಮೆ ನೋಡುತ್ತ ನಿಂತಿದ್ದರು.

ವಿಮಾನ ಒಂದು ಸುತ್ತು ಹಾಕಿ ತಗ್ಗಿತು. ಮೊದಲ ಕಲ್ಲು ದಾಟಿದ ಮೇಲೆ ಗಾಲಿ ನೆಲ ಮುಟ್ಟಿತು. ಎರಡನೆಯ ಕಲ್ಲು. ಮೂರನೆಯದು. ರುಕ್ಮವ್ವ ಉಸಿರು ಹಿಡಿದಳು. ಅಲ್ಲಿ ಏನೂ ಆಗಲಿಲ್ಲ. ಗಾಲಿ ಹಾಗೇ ಉರುಳಿ ಮುಂದೆ ಹೋಯಿತು. ಏನೂ ಆಗಲಿಲ್ಲವಾದ್ದರಿಂದ ಯಾರೂ ಅದನ್ನು ಗಮನಿಸಲೂ ಇಲ್ಲ.

ಆದರೆ ಆ ತುದಿಯಲ್ಲಿ, ಬೇರೆ ಊರಿನ ತಂಡ ಕೆಲಸ ಮಾಡಿದ್ದ ಕಡೆ, ವಿಮಾನ ಒಮ್ಮೆಲೇ ತಗ್ಗಿಗೆ ಬಿದ್ದಂತೆ ಕುಲುಕಿ ಬಾಲ ಎಗರಿಸಿತು. ಕೆಂಪು ಧೂಳೆದ್ದಿತು. ಜನ "ಹೋ!" ಎಂದರು.

"ಅದs ನಿನ್ನ ಜಾಗಾ ಏನವಾ ರುಕ್ಮವ್ವಾ?" ಹೆಂಗಸರಲ್ಲಿ ಒಬ್ಬಳು ಕೂಗಿದಳು. ಉಳಿದವರು ಕಿಸಕ್ಕೆಂದರು.

"ಅಲ್ಲ. ನಂದು ಇದು," ಎಂದಳು ರುಕ್ಮವ್ವ, ಮೂರನೆಯ ಕಲ್ಲಿನ ಕಡೆ ಕೈ ಮಾಡಿ. ದನಿ ಅವರವರೆಗೆ ಹೋಗಲಿಲ್ಲ. ಪಕ್ಕದಲ್ಲಿದ್ದ ಲಕ್ಕವ್ವನಿಗೆ ಮಾತ್ರ ಕೇಳಿಸಿತು.

ವಿಮಾನ ಔಷಧ ತುಂಬಿಸಿಕೊಂಡು ಎದ್ದು ಹೋಯಿತು. ಹಿಂದೆಯೇ ಹುಸೇನಮಿಯಾನ ಕೂಗು ಕೇಳಿತು: "ಬಿಸಿ ಬಿಸಿ ಭಜಿ ಬರ್ರಿ! ವಿಮಾನ ಮತ್ತ ಬರತೈತಿ, ಭಜಿ ಮತ್ತ ಬರೂದಿಲ್ಲ!" ಜಾಲಿ ಮರದ ಕೆಳಗೆ ಅವನ ಗಾಡಿ. ಎಂಟಾಣೆಗೆ ಒಂದು ಪೊಟ್ಟಣ ಈರುಳ್ಳಿಯ ಕಾಂದಾ ಭಜಿ, ಮೇಲೆ ಎರಡು ಹುರಿದ ಮೆಣಸಿನಕಾಯಿ.

"ವಿಮಾನಕ್ಕಿಂತ ಇವನ ಗಾಡಿ ಮುಂದs ಗರ್ದಿ ಹೆಚ್ಚೈತಿ," ಎನ್ನುತ್ತ ಧರೆಪ್ಪ ಮೂರು ಪೊಟ್ಟಣ ತಂದ. ಎಣ್ಣೆ ಕುಡಿದು ಕಾಗದ ಪಾರದರ್ಶಕವಾಗಿತ್ತು. ನೆರಳಲ್ಲಿ ಟವೆಲ್ ಹಾಸಿ ರೊಟ್ಟಿ ಗಂಟು ಬಿಚ್ಚಿದರು. ಮನೆಯ ರೂಢಿ ಬಯಲಿಗೂ ಬಂದಿತ್ತು: ಮೊದಲು ಅತ್ತೆ, ಗಂಡ, ಮಗಳು. ಅವರದಾದ ಮೇಲೆ ಉಳಿದದ್ದನ್ನು ತೆಗೆದುಕೊಂಡು, ಹಿರಿಯರಿಗೆ ಬೆನ್ನು ಮಾಡಿ ರುಕ್ಮವ್ವ.

ಅಷ್ಟರಲ್ಲಿ ವಿಮಾನ ಎರಡನೆಯ ಸಲ ಬಂತು. ಅಕ್ಕಾತಾಯಿ ಭಜಿ ಹಿಡಿದುಕೊಂಡೇ ಹಗ್ಗದ ಕಡೆ ಓಡಿದಳು. ಲಕ್ಕವ್ವ ಮರ ಹಿಡಿದು ಎದ್ದು ನಿಂತು ಹುಬ್ಬಿನ ಮೇಲೆ ಕೈ ಇಟ್ಟಳು. ಈ ಸಲ ಅವಳೂ ಆಕಾಶ ನೋಡಲಿಲ್ಲ. ಗಾಲಿ ಮೂರನೆಯ ಕಲ್ಲು ದಾಟುವವರೆಗೆ ಅವಳ ದವಡೆ ಅಗಿಯುವುದನ್ನು ನಿಲ್ಲಿಸಿತ್ತು. ತುದಿಯಲ್ಲಿ ವಿಮಾನ ಮತ್ತೆ ಎಗರಿತು, ಮೊದಲಿಗಿಂತ ಜೋರಾಗಿ.

"ಅಲ್ಲಿ ಕಣ ಮಾಡಿದವ್ರು ಯಾರು?" ಕೂರುತ್ತ ಕೇಳಿದಳು.

"ಬ್ಯಾರೆ ಊರವ್ರು ಬಂದಿದ್ರರಿ, ಅತ್ತಿ."

"ಹೂಂ."

ವಿಮಾನದ ಸದ್ದು ನಿಂತುಹೋಯಿತು. ರುಕ್ಮವ್ವ ಆಗತಾನೇ ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟಿದ್ದಳು. ಹಗ್ಗದ ಕೆಳಗೆ ನುಸುಳಿ, ಟೊಪ್ಪಿಗೆ ಕೈಯಲ್ಲಿ ಹಿಡಿದು, ಜ್ಞಾನದೇವ ಬೆವರುತ್ತ ಬಂದ.

"ರುಕ್ಮಾಬಾಯಿ, ಜರಾ ಬರ್ರಿ. ಆ ತುದಿ ನೋಡಿ ರಿಪೇರಿ ಮಾಡೂತನಕ ಹಾರೂದಿಲ್ಲಂತ ವಿಮಾನ ಹಾರಸೂ ಸಾಹೇಬ್ರು ಇಂಜಿನ್ ಬಂದ್ ಮಾಡಿ ಕುಂತಾರ. ಎಲ್ಲಿಂದ ಎಲ್ಲೀತನಕ ಅಗೀಬೇಕು ನಮಗ ತಿಳೀವಲ್ದು. ಲಗೂನ ಬರ್ರಿ."

ಆ 'ಬರ್ರಿ'ಗೆ ಧರೆಪ್ಪ ತಲೆ ಎತ್ತಿ ಹೆಂಡತಿಯ ಮುಖ ನೋಡಿದ. ಅವಳು ಗಡಬಡಿಸಿ ರೊಟ್ಟಿ ಕೆಳಗಿಟ್ಟು, ಕೈ ಸೆರಗಿಗೆ ಒರೆಸಿ ಏಳಹೋದಳು.

"ಕೂಡು," ಎಂದಳು ಲಕ್ಕವ್ವ.

ರುಕ್ಮವ್ವ ಅರ್ಧ ಎದ್ದವಳು ಹಾಗೇ ನಿಂತಳು.

"ಕೂಡ ಬೇ. ತುತ್ತು ಬಿಟ್ಟ ಏಳಬಾರ್ದು." ಮುಕಾದಮನ ಕಡೆ ತಿರುಗಿ, "ನನ್ನ ಸೊಸಿ ಉಣ್ಣಾಕತ್ತಾಳ್ರಿ. ಉಂಡು ಬರ್ತಾಳ."

"ಆಯೀ, ವಿಮಾನ ನಿಂತೈತ್ರಿ! ದೊಡ್ಡ ಸಾಹೇಬ್ರು, ಚೇರಮನ್ರು..."

"ನಿಲ್ಲಲಿ. ಅದೇನ ಎಮ್ಮಿ ಏನ, ಹೊತ್ತ ಮೀರಿದ್ರ ಹಾಲ ಬತ್ತಾಕ?"

ಹುಸೇನಮಿಯಾ ಜಾಲರಿ ಸೌಟು ಎತ್ತಿ ಹಿಡಿದು ಗಟ್ಟಿಯಾಗಿ ನಕ್ಕ. ಆಡಿಕೊಂಡಿದ್ದ ಹೆಂಗಸರು ಇತ್ತ ತಿರುಗಿದರು. ಜ್ಞಾನದೇವ ಮರಕ್ಕೆ ಒರಗಿ ಕಾಯತೊಡಗಿದ. ಲಕ್ಕವ್ವ ತನ್ನ ಪೊಟ್ಟಣದಲ್ಲಿ ಉಳಿದಿದ್ದ ಭಜಿಯನ್ನೆಲ್ಲ ಸೊಸೆಯ ರೊಟ್ಟಿಯ ಮೇಲೆ ಸುರಿದಳು.

"ಈ ಕಡೆ ತಿರುಗಿ ತಿನ್ನು," ಎಂದಳು.

ಮದುವೆಯಾಗಿ ಹದಿನಾಲ್ಕು ವರ್ಷಗಳ ಮೇಲೆ, ರುಕ್ಮವ್ವ ಅತ್ತೆಯ ಎದುರು ಕೂತು ತಿಂದಳು. ಅವಸರ ಮಾಡಲಿಲ್ಲ. ಮೆಣಸಿನಕಾಯಿಯನ್ನೂ ಬಿಡಲಿಲ್ಲ. ಹುಸೇನಮಿಯಾ ತಾನೇ ಬಂದು ಚೊಂಬಿನಲ್ಲಿ ನೀರು ಕೊಟ್ಟ. ಕುಡಿದು, ಬಾಯಿ ಒರೆಸಿ ಎದ್ದಳು. ಹಗ್ಗದ ಹತ್ತಿರ ಹೋಗಿ ಚಪ್ಪಲಿ ಕಳಚಿಟ್ಟಳು. ಬೆಳಗಿನಿಂದ ಜನರನ್ನು ಕೋಲಿನಿಂದ ಹಿಂದೆ ದೂಡುತ್ತಿದ್ದ ಪೊಲೀಸಿನವನು ಹಗ್ಗವನ್ನು ಮೇಲೆತ್ತಿ ಹಿಡಿದ.

ಪಟ್ಟಿಯ ನಡುವೆ ಅವಳು ಒಬ್ಬಳೇ ಮುಂದೆ ನಡೆದಳು. ಮುಕಾದಮ ಎರಡು ಹೆಜ್ಜೆ ಹಿಂದೆ. ದೂರದಲ್ಲಿ, ಹಳದಿ ರೆಕ್ಕೆಯ ಪಕ್ಕದಲ್ಲಿ ಅವಳು ನಿಂತಳು, ನಾಲ್ಕು ಹೆಜ್ಜೆ ಆಚೆ ಸರಿದಳು, ಕುಕ್ಕುರುಗಾಲಲ್ಲಿ ಕೂತು ಅಂಗೈ ಊರಿದಳು. ಬೂಟು ತೊಟ್ಟ ವಿಮಾನದ ಸಾಹೇಬನೂ ಅವಳ ಎದುರು ಮೊಣಕಾಲೂರಿ, ಅವಳು ತೋರಿಸಿದಲ್ಲಿ ಕೈ ಇಟ್ಟ.

"ಯಾರಕಿ? ಯಾರ ಪೈಕಿ?" ಎನ್ನುತ್ತ ಜನ ಹಗ್ಗದ ಕಡೆ ನುಗ್ಗಿದರು. ಲಕ್ಕವ್ವ ಅವರನ್ನು ಮೊಣಕೈಯಿಂದ ಸರಿಸಿ ಬಗ್ಗಿದಳು. ತುಳಿದಾಟದಲ್ಲಿ ಸಿಕ್ಕ ಸೊಸೆಯ ಚಪ್ಪಲಿಗಳನ್ನು ಎತ್ತಿ, ಒಂದಕ್ಕೊಂದು ಬಡಿದು ಧೂಳು ಕೊಡವಿ, ಕಂಕುಳಲ್ಲಿ ಇಟ್ಟುಕೊಂಡು ನಿಂತಳು.