ಸ್ಟುಡಿಯೊದಲ್ಲಿ ಯಾರೂ ನಗುತ್ತಿರಲಿಲ್ಲ

ನಮ್ಮದು ಫೋಟೊ ಸ್ಟುಡಿಯೊ. ನನ್ನ ಗಂಡ ಫೋಟೊ ತೆಗೆಯುತ್ತಾರೆ, ನಾನು ಒಳಗಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅದನ್ನು ತಿದ್ದಿ ಪ್ರಿಂಟ್ ಹಾಕುತ್ತೇನೆ. ಮೊಡವೆ ಅಳಿಸುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು, ಬೋಳುತಲೆಯ ಮಿಂಚು ಇಳಿಸುವುದು ನನ್ನ ಕೆಲಸ. ಈ ಊರಿನವರ ಮುಖವನ್ನು ನನ್ನಷ್ಟು ಹತ್ತಿರದಿಂದ ಅವರನ್ನು ಹೆತ್ತ ತಾಯಿಯೂ ನೋಡಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಇವರು ಗಿರಾಕಿಗಳಿಗೆ ಸ್ವಲ್ಪ ನಗಿ ಎಂದು ಎಂದೂ ಹೇಳಿದವರಲ್ಲ. ಹಾಗೆ ಹೇಳಿದರೆ ಹಲ್ಲು ಕಾಣುತ್ತದೆ, ನಗು ಕಾಣುವುದಿಲ್ಲ ಎನ್ನುವುದು ಇವರ ಮತ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಬಟನ್ ಇರುವ ವೈರನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಎದುರು ಕೂತವರನ್ನು ನೋಡಿ ತಾವು ನಗುತ್ತಾರೆ, ಅಷ್ಟೇ. ಆ ನಗು ಎದುರಿನವರಿಗೆ ಅಂಟುತ್ತದೆ, ಆಗ ಬಟನ್ ಒತ್ತುತ್ತಾರೆ. ಕೇಸು ಸೋತು ನೇರವಾಗಿ ಬಂದ ವಕೀಲರು, ಹಲ್ಲುನೋವಿನವರು, ಹಲ್ಲೇ ಬಾರದ ಕೂಸುಗಳು, ಎಲ್ಲರೂ ನಕ್ಕಿದ್ದಾರೆ. ನಾನೂ ಅರ್ಜಿಗೆ ಅಂಟಿಸುವ ಫೋಟೊ ತೆಗೆಸಲು ಬಂದು, ಹಾಗೆಯೇ ನಕ್ಕು ಸಿಕ್ಕಿಹಾಕಿಕೊಂಡವಳು.

ಕಳೆದ ವರ್ಷ ಫೋಟೊಗಳು ಕೆಡತೊಡಗಿದವು. ಬೆಳಕು, ಫೋಕಸ್ ಎಲ್ಲ ಸರಿಯಾಗಿಯೇ ಇತ್ತು. ಮುಖಗಳು ಮಾತ್ರ ಹರಳೆಣ್ಣೆ ಕುಡಿದ ಹಾಗೆ. ಹೊಸದಾಗಿ ಮದುವೆಯಾದ ಜೋಡಿಯೊಂದು ಪರೀಕ್ಷೆಯಲ್ಲಿ ಫೇಲಾದವರಂತೆ ಕೂತಿತ್ತು. ನಾನು ಒಳಗೆ ಮೌಸ್ ಹಿಡಿದು ಅವರ ತುಟಿಯ ಕೊನೆಗಳನ್ನು ಒಂದಿಷ್ಟು ಮೇಲಕ್ಕೆ ಎಳೆದೆ. ಮದುಮಗ ಅದನ್ನು ನೋಡಿ, "ಇದು ನಾನೇನಾ?" ಅಂದ.

ಫೋಟೊದವರಿಗೆ ಏನೇ ಕೆಟ್ಟರೂ ಮೊದಲು ಅನುಮಾನ ಬರುವುದು ಲೈಟಿನ ಮೇಲೆ. ಬೆಳಕು ಗಡಸಾಗಿ ಬಿದ್ದು ಜನ ಬಿಗಿಯುತ್ತಿದ್ದಾರೆ ಅಂದೆ. ಇವರೂ ತಲೆಯಾಡಿಸಿದರು. ಲೈಟಿನ ಕೊಡೆ ಬದಲಾಯಿಸಿದೆವು. ಹಿಂದಿನ ಗೋಡೆಯ ಬೂದು ಬಣ್ಣ ಹೋಗಿ ತಿಳಿನೀಲಿ ಬಂತು. ಸ್ಟೂಲಿಗೆ ಮೆತ್ತೆ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ನೆಲದ ಚಾಪೆಯನ್ನೂ ಬದಲಾಯಿಸಿದೆವು. ಯಾರೂ ನಗಲಿಲ್ಲ.

ಒಂದು ದಿನ ಇವರಿಗೆ ಬಲಭುಜದ ನೋವು ಜಾಸ್ತಿಯಾಯಿತು. ಮೂಳೆ ಡಾಕ್ಟರು ಭುಜದ ಕೀಲು ಗಟ್ಟಿಯಾಗಿದೆ ಎಂದಿದ್ದರು. ಮುಲಾಮು, ಶಾಖ, ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಎಲ್ಲ ನಡೆದಿತ್ತು. ಆ ದಿನ ಕ್ಯಾಮೆರಾ ಪಕ್ಕ ನಾನೇ ನಿಂತೆ. ಎದುರಿಗೆ ಅಜ್ಜಿ, ಮಗಳು, ಮೊಮ್ಮಗಳು ಕೂತಿದ್ದರು. ಅದೇ ಲೈಟು, ಅದೇ ಗೋಡೆ. ನಾನು ನಕ್ಕೆ, ಮೂವರೂ ನಕ್ಕರು.

ನನಗೆ ಕುತೂಹಲ ಕೆರಳಿತು. "ಇನ್ನೊಂದು ನೀವು ತೆಗೀರಿ" ಎಂದು ವೈರನ್ನು ಇವರ ಕೈಗೆ ಕೊಟ್ಟೆ. ಮೂರು ಮುಖಗಳೂ ಒಟ್ಟಿಗೆ ಬಾಡಿದವು. ಆಗ ಗಿರಾಕಿಗಳನ್ನು ಬಿಟ್ಟು ಗಂಡನ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಕೋಪವಿಲ್ಲ, ಬೇಸರವಿಲ್ಲ, ಬೀಗ ಹಾಕಿದ ಮನೆಯ ಹಾಗಿತ್ತು.

ಗಿರಾಕಿಗಳು ಹಾಳಾಗಲಿ, ಊಟದ ಮೇಜಿನಲ್ಲಿ ನನ್ನೆದುರು ಕೂರುತ್ತಿದ್ದದ್ದೂ ಇದೇ ಮುಖ ತಾನೆ? ತಮಾಷೆ ಹೇಳಿದರೆ ಹೂಂ, ಹೊಸ ಬಟ್ಟೆ ಹಾಕಿಕೊಂಡರೆ ಹೂಂ, ಅದೂ ಕೇಳಿಸಿದರೆ ಕೇಳಿಸಿತು. ನಾನೂ ಹಠಕ್ಕೆ ಬಿದ್ದು ತಮಾಷೆ ಹೇಳುವುದನ್ನೇ ಬಿಟ್ಟಿದ್ದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಜಗಳವನ್ನೇ ಆಡದಿದ್ದರೆ ಅದು ಮುಗಿಯುವುದು ಯಾವಾಗ?

"ನನ್ನ ಮೇಲೆ ಏನು ಕೋಪ ನಿಮಗೆ?" ಎಂದು ನೇರವಾಗಿ ಕೇಳಿದೆ.

"ಕೋಪ ಎಲ್ಲಿದೆ?"

"ಮತ್ತೆ ಮುಖ ಯಾಕೆ ಹಾಗಿದೆ?"

"ಹೇಗಿದೆ?" ಅಂದರು.

ಗೋಡೆಗೆ ಹೇಳಿದ ಹಾಗಾಯಿತು. ತಂಗಿಗೆ ಫೋನ್ ಮಾಡಿ ಅತ್ತೆ. "ಸ್ವಲ್ಪ ದಿನ ಇಲ್ಲಿಗೆ ಬಂದುಬಿಡು ಅಕ್ಕಾ. ನೀನಿಲ್ದೆ ಇದ್ರೆ ಭಾವಂಗೆ ನಿನ್ನ ಬೆಲೆ ಗೊತ್ತಾಗತ್ತೆ" ಅಂದಳು. ಬ್ಯಾಗು ಹುಡುಕಿ ಧೂಳು ಕೊಡವಿ ಮಂಚದ ಪಕ್ಕ ಇಟ್ಟೆ. ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ನನ್ನನ್ನು ಕಂಡರೆ ನಗು ಬಾರದವರ ಜೊತೆ ಉಳಿಯುವ ಧೈರ್ಯವೂ ಇರಲಿಲ್ಲ.

ಆ ವಾರವೇ ಒಬ್ಬ ಡಾಕ್ಟರಮ್ಮ ಬಂದರು. ನರರೋಗದ ಡಾಕ್ಟರು, ಆಸ್ಪತ್ರೆಯ ಬೋರ್ಡಿಗೆ ಹಾಕಲು ಫೋಟೊ ಬೇಕಿತ್ತಂತೆ. ಸ್ಟೂಲಿನ ಮೇಲೆ ಕೂತವರು ಕ್ಯಾಮೆರಾ ಬಿಟ್ಟು ಇವರನ್ನೇ ನೋಡುತ್ತಿದ್ದರು.

"ನೀವು ಕಣ್ಣು ಮಿಟುಕಿಸೋದು ಬಹಳ ಕಮ್ಮಿ" ಅಂದರು.

"ಫೋಟೊದವನಲ್ವಾ, ಮಿಟುಕಿಸಿದ್ರೆ ಹೊಟ್ಟೆಪಾಡು ಹೇಗೆ?" ಅಂದರು ಇವರು.

ಪ್ರಿಂಟ್ ತೆಗೆದುಕೊಳ್ಳಲು ಒಳಗೆ ಬಂದ ಡಾಕ್ಟರಮ್ಮ ದನಿ ತಗ್ಗಿಸಿ ನನ್ನನ್ನು ಕೇಳಿದರು. "ನಡೀವಾಗ ನಿಮ್ಮವರ ಬಲಗೈ ಬೀಸೋದಿಲ್ಲ, ನೋಡಿದೀರಾ?"

"ಭುಜ ನೋವು ಡಾಕ್ಟ್ರೇ."

"ಇರಬಹುದು. ವಾಸನೆ ಗೊತ್ತಾಗತ್ತಾ ಅವರಿಗೆ?"

ನನಗೆ ಸೀದ ಹಾಲು ನೆನಪಾಯಿತು. ಈಚೆಗೆ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾರುತ್ತಿದ್ದಾಗ ಇವರು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಅದೂ ನನ್ನ ಮೇಲಿನ ತಾತ್ಸಾರವೇ ಇರಬೇಕು ಎಂದುಕೊಂಡಿದ್ದೆ.

"ಒಂದ್ಸಲ ಕರ್ಕೊಂಡು ಬನ್ನಿ. ಪರೀಕ್ಷೆ ಮಾಡದೆ ನಾನೇನೂ ಹೇಳಲ್ಲ" ಎಂದು ಡಾಕ್ಟರಮ್ಮ ಹೊರಟರು.

ನರದ ಡಾಕ್ಟರೆಂದರೆ ಹೋದ ತಕ್ಷಣ ದೊಡ್ಡ ಯಂತ್ರದೊಳಗೆ ತೂರಿಸುತ್ತಾರೆ ಎಂದು ಎಣಿಸಿದ್ದೆ. ಅವರ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ರಬ್ಬರ್ ತಲೆಯ ಪುಟ್ಟ ಸುತ್ತಿಗೆ ಇದ್ದವು. ಹೆಬ್ಬೆರಳಿಗೆ ತೋರುಬೆರಳನ್ನು ಅಗಲವಾಗಿ, ಬೇಗ ಬೇಗ ತಟ್ಟಲು ಹೇಳಿದರು. ಎಡಗೈ ಚಟಪಟ ತಟ್ಟಿತು. ಬಲಗೈ ಚೆನ್ನಾಗಿ ಶುರುಮಾಡಿ, ಬೆರಳುಗಳ ನಡುವಿನ ಜಾಗ ಕಿರಿದಾಗುತ್ತಾ ಆಗುತ್ತಾ ನಿಂತೇಹೋಯಿತು. ಇವರು ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು.

ನಾನು ಕುರ್ಚಿಯ ತುದಿಗೆ ಬಂದಿದ್ದೆ. ಅದನ್ನು ಕಂಡ ಡಾಕ್ಟರಮ್ಮ ನನ್ನ ಕೈಯನ್ನೂ ಇವರ ಮಣಿಕಟ್ಟಿನ ಮೇಲೆ ಇಟ್ಟು, ಆ ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿದರು. ಒಳಗೆ ಹಲ್ಲುಚಕ್ರವೊಂದು ತಡೆದು ತಡೆದು ತಿರುಗಿದ ಹಾಗಿತ್ತು. ಒಂದೇ ಸಾಲನ್ನು ಮತ್ತೆ ಮತ್ತೆ ಬರೆಸಿದರೆ ಅಕ್ಷರಗಳು ಹೋಗುತ್ತಾ ಹೋಗುತ್ತಾ ಇರುವೆಗಳಾದವು. ಕಾರಿಡಾರಿನಲ್ಲಿ ನಡೆಸಿದರು, ಬಲಗೈ ಅಂಗಿಗೆ ಹೊಲಿದ ಹಾಗೆ ಸುಮ್ಮನಿತ್ತು. ಕಣ್ಣು ಮುಚ್ಚಿಸಿ ಕಾಫಿಪುಡಿಯ ಡಬ್ಬಿಯನ್ನು ಮೂಗಿಗೆ ಹಿಡಿದಾಗ ಇವರು, "ಖಾಲಿ ಡಬ್ಬಿನಾ?" ಎಂದು ಕೇಳಿದರು.

ಪಾರ್ಕಿನ್ಸನ್ ಕಾಯಿಲೆಯ ಹಾಗೆ ಕಾಣುತ್ತಿದೆ ಎಂದರು ಡಾಕ್ಟರಮ್ಮ.

"ಅದರಲ್ಲಿ ಕೈ ನಡುಗಬೇಕಲ್ವಾ? ಇವರಿಗೆ ನಡುಗಲ್ಲ" ಎಂದು ನಾನು ವಾದಕ್ಕೇ ನಿಂತೆ.

"ಎಲ್ಲರಿಗೂ ನಡುಗಲ್ಲ. ಕೆಲವರಿಗೆ ಮೊದಲು ಭುಜ ಬಿಗಿಯತ್ತೆ, ಮುಖ ಬಿಗಿಯತ್ತೆ. ಮಿದುಳಲ್ಲಿ ಡೋಪಮಿನ್ ಅಂತ ಒಂದು ರಸ ಕಮ್ಮಿ ಆಗಿರತ್ತೆ. ಒಳಗೆ ನಗು ಬರತ್ತೆ, ಮುಖದ ತನಕ ಬರಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನಾವು ಭುಜಕ್ಕೆ ಮುಲಾಮು ತಿಕ್ಕಿ, ಗೋಡೆಗೆ ಬಣ್ಣ ಬಳಿದಿದ್ದೆವು. ಆದರೆ ನನಗೆ ಆ ಕೊನೆಯ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ನಿಜವಾಗಿಯೂ ಒಳಗೆ ನಗು ಬರುತ್ತಿತ್ತೇ? ಅದನ್ನು ಡಾಕ್ಟರಮ್ಮನೇ ಕೇಳಿದರು.

"ಈ ವರ್ಷ ನೀವು ನಕ್ಕಿದೀರಾ?"

"ದಿನಾ ನಗ್ತೀನಲ್ಲ" ಎಂದರು ಇವರು, ಆಶ್ಚರ್ಯದಿಂದ ಎಂದು ಈಗ ಊಹಿಸುತ್ತೇನೆ. "ಇವಳ ಜೊತೆ ಇದ್ದು ನಗದೆ ಇರಕ್ಕಾಗತ್ತಾ? ಇವಳೇ ನಿಲ್ಲಿಸಿಬಿಟ್ಟಳು. ನಾನು ನಕ್ಕರೂ ತಿರುಗಿ ನಗಲ್ಲ, ಮುಖ ಗಂಟು ಹಾಕ್ಕೊಂಡು ಒಳಗೆ ಹೋಗ್ತಾಳೆ. ನನ್ನ ಜೊತೆ ಬಾಳಿ ಸಾಕಾಗಿರಬೇಕು ಅಂದ್ಕೊಂಡೆ. ಮಂಚದ ಪಕ್ಕ ಬ್ಯಾಗ್ ಬೇರೆ ಇಟ್ಟಿದಾಳೆ. ಕೇಳಕ್ಕೆ ಭಯ ಆಯ್ತು."

ಇಷ್ಟನ್ನೂ ಆ ಬೀಗ ಹಾಕಿದ ಮುಖದಿಂದ, ಏರಿಳಿತವಿಲ್ಲದ ದನಿಯಲ್ಲಿ ಹೇಳಿದರು. ನಾನು ಅವರ ಬಲಗೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ನಾಚಿಕೆಯೂ ಆಯಿತು, ಹೇಳಬಾರದಷ್ಟು ಸಂತೋಷವೂ ಆಯಿತು. ಕಾಯಿಲೆಯ ಹೆಸರು ಕೇಳಿ ಹೀಗೆ ಸಂತೋಷಪಟ್ಟ ಹೆಂಡತಿಯನ್ನು ಡಾಕ್ಟರಮ್ಮ ಅದಕ್ಕೆ ಮೊದಲು ನೋಡಿರಲಾರರು.

ಬೇರೇನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಆಮೇಲೆ ಯಂತ್ರದೊಳಗೂ ತೂರಿಸಿದರು. ಮಾತ್ರೆ ಶುರುವಾಯಿತು: ಮೊದಲು ಸಣ್ಣ ಪ್ರಮಾಣ, ಖಾಲಿ ಹೊಟ್ಟೆಗೆ, ಊಟ ಆಮೇಲೆ. ಇವರಿಗೆ ಮೊದಮೊದಲು ಹೊಟ್ಟೆ ತೊಳಸುತ್ತಿತ್ತು. ದೊಡ್ಡ ಹೆಜ್ಜೆ ಹಾಕಿ ನಡೆಯಬೇಕು, ಗಟ್ಟಿಯಾಗಿ ಓದಬೇಕು. "ಇದು ವಾಸಿ ಆಗಲ್ಲ, ಹಿಡಿತದಲ್ಲಿ ಇಡಬಹುದು. ಮುಂದೆ ಮಾತ್ರೆ ಹೆಚ್ಚಬಹುದು" ಎಂದು ಡಾಕ್ಟರಮ್ಮ ಅಡ್ಡಗೋಡೆಯ ಮೇಲೆ ದೀಪ ಇಡದೆ ಹೇಳಿದ್ದರು. ನಿಧಾನಕ್ಕೆ ಭುಜ ಸಡಿಲಾಯಿತು. ಮಾತ್ರೆ ಚೆನ್ನಾಗಿ ಹಿಡಿದ ಹೊತ್ತಿನಲ್ಲಿ ನಗುವೂ ಅರ್ಧಕ್ಕರ್ಧ ಬರುತ್ತದೆ. ಗಿರಾಕಿಗಳನ್ನು ಆ ಹೊತ್ತಿಗೇ ಕರೆಯುತ್ತೇವೆ. ಬ್ಯಾಗನ್ನು ಅಟ್ಟಕ್ಕೆ ಹಾಕಿದೆ.

ಬೆಳಗಿನ ಮಾತ್ರೆ ಹಿಡಿಯುವ ಮುಂಚೆ ಮಾತ್ರ ಮುಖ ಹಳೆಯ ಹಾಗೇ. ಮೊನ್ನೆ ಅಂಥ ಹೊತ್ತಿನಲ್ಲಿ, ಫೋಟೊದಲ್ಲಿ ತಲೆತುಂಬ ಕೂದಲು ಹಾಕಿಸಿಕೊಂಡು ಹೋದ ಗಿರಾಕಿಯ ಕಥೆ ಹೇಳಿದೆ. "ಮಾರನೆ ದಿನ ವಾಪಸ್ ಬಂದ್ರು ರೀ. ಹೆಂಡ್ತಿ ಇವನ್ಯಾರು ಅಂತ ಕೇಳ್ತಿದಾಳೆ, ನನ್ನ ಗುರುತು ಹಿಡಿಯೋವಷ್ಟು ಉದುರಿಸಿಕೊಡಿ ಅಂದ್ರು."

ಇವರು ನೆಟ್ಟ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು. ಒಂದು ಗೆರೆಯೂ ಅಲುಗಲಿಲ್ಲ.

"ನಗ್ತಿದೀರಾ?" ಎಂದು ಕೇಳಿದೆ.

"ಹೊಟ್ಟೆ ಹುಣ್ಣಾಗೋ ಹಾಗೆ" ಅಂದರು, ಅದೇ ಮುಖದಲ್ಲಿ.

ಮಾತ್ರೆ ಹಿಡಿಯಲು ಇನ್ನೂ ಹೊತ್ತಿತ್ತು. ನಾನು ಕಾಯದೆ ಇಬ್ಬರ ಪಾಲಿನ ನಗುವನ್ನೂ ನಕ್ಕುಬಿಟ್ಟೆ.