ಒಂದು ಪಾತ್ರೆ ದ್ರಾಕ್ಷಾರಸ

ಆರಾಧನೆಯಲ್ಲಿ ರೊಟ್ಟಿ, ರಸ ಹಂಚುವ ಕರ್ತನ ಭೋಜನಕ್ಕೆ ದ್ರಾಕ್ಷಿ ಹಿಂಡಿ, ಕುದಿಸಿ, ಸೋಸುವುದರಲ್ಲಿ ಕುಸುಮಾವತಿಯದು ಎತ್ತಿದ ಕೈ. ಉಡುಪಿಯಿಂದ ನಾಸಿಕ್ ರೋಡಿಗೆ ಬಂದಾಗಿನಿಂದ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳಲ್ಲ. ಬಾಡಿಗೆಯ ಶಾಲಾಕೋಣೆಯಲ್ಲಿ ಸೇರುವ ಆ ಪುಟ್ಟ ಕನ್ನಡ ಕ್ರೈಸ್ತ ಸಭೆಗೆ ಇದ್ದದ್ದು ಒಂದೇ ಬೆಳ್ಳಿಯ ಪಾತ್ರೆ; ಒಬ್ಬೊಬ್ಬರಿಗೆ ತುಟಿ ಒದ್ದೆಯಾಗುವಷ್ಟು ರಸ. ಉಳಿದರೆ ಚೆಲ್ಲುವಂತಿಲ್ಲ, ಆದ್ದರಿಂದ ಅಳತೆ ಅಂದರೆ ಅಳತೆ.

ಎಪ್ಪತ್ತಾರನೇ ಇಸವಿಯ ಆ ಮಾರ್ಚ್ ಭಾನುವಾರ ಮಾತ್ರ ಅವಳ ಮನಸ್ಸು ರಸದ ಮೇಲಿರಲಿಲ್ಲ. ಪಕ್ಕದಲ್ಲಿ ಅವಳದೇ ಬಿಳಿ ಸೀರೆ ಉಟ್ಟು, ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ನಾಗಮ್ಮ ಕೂತಿದ್ದಳು. ಬೀದರ್ ಕಡೆಯವಳು. ಊರಾಚೆಯ ಕಲ್ಲುಗಣಿಯಲ್ಲಿ ಕೂಲಿಗಳನ್ನು ಸಂಜೆಯಾದರೆ ಶೆಡ್ಡಿನಲ್ಲಿ ಕೂಡಿಹಾಕಿ ಬೀಗ ಜಡಿಯುತ್ತಿದ್ದರು. ಅಲ್ಲಿಂದ ಅವಳು ತಪ್ಪಿಸಿಕೊಂಡು ಕುಸುಮಾವತಿಯ ಮನೆಗೆ ಬಂದಿದ್ದಳು. ಮಗಳು ಇನ್ನೂ ಒಳಗೇ ಇದ್ದಳು. ಜೀತಕ್ಕಿಡುವುದು ಅಪರಾಧವೆಂಬ ಕಾನೂನು ಹೊಸದಾಗಿ ಬಂದಿತ್ತು. ಸೋಮವಾರ ಕಲೆಕ್ಟರ್ ಕಚೇರಿ ತೆರೆದ ಕೂಡಲೇ ನಾಗಮ್ಮ ಹೋಗಿ ಬಾಯಿಬಿಟ್ಟರೆ ಆ ಬೀಗ ಒಡೆಯಬಹುದು. ಅಲ್ಲಿಯವರೆಗೆ ಅವಳು ಗಣಿಯಲ್ಲಿ ಕೂಲಿಗಳನ್ನು ಆಳುವ ಮುಕಾದಮನ ಕೈಗೆ ಸಿಗಬಾರದು. ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಬರಲು ಧೈರ್ಯ ಸಾಲದೆ ಕುಸುಮಾವತಿ ಆರಾಧನೆಗೇ ಕರೆತಂದಿದ್ದಳು.

ಪಾದ್ರಿ ಸದಾನಂದರಿಗೆ ಬೆಳಿಗ್ಗೆಯೇ ವಿಷಯ ತಿಳಿಸಿದ್ದಳು. ಕೂರಲಿ ಎಂದರು, ದೀಕ್ಷಾಸ್ನಾನವಾಗದವಳು ಭೋಜನಕ್ಕೆ ಮಾತ್ರ ಬರಕೂಡದು ಎಂದು ಕಡ್ಡಿ ಮುರಿದಂತೆ ಹೇಳಿದರು. ಅದೇ ಕಾರಣಕ್ಕೆ ತಮ್ಮ ಭಾವಿ ಅಳಿಯನನ್ನೇ ಸಾಲಿನಿಂದ ಎಬ್ಬಿಸಿ ಕಳಿಸಿದ ಪುಣ್ಯಾತ್ಮರು ಅವರು. ಗಂಡ ದೇವದಾಸನಂತೂ ಸರ್ಕಾರಿ ಪ್ರೆಸ್ಸಿನ ನೌಕರಿಗೆ ಕುತ್ತು ಬಂದೀತೆಂದು ಒಂದೇ ಸಮನೆ ಗೊಣಗಿದ್ದ. ಬಡವರ ಮೇಲೆ ಪ್ರೀತಿ ಅವನಿಗೂ ಇತ್ತು, ಬೈಬಲ್ ಓದುವಾಗ.

ಎರಡನೆಯ ಕೀರ್ತನೆ ಮುಗಿಯುವ ಹೊತ್ತಿಗೆ ಮುಕಾದಮ ಇಬ್ಬರನ್ನು ಕಟ್ಟಿಕೊಂಡು ಬಾಗಿಲಲ್ಲಿ ಬಂದು ನಿಂತ. ಎಲ್ಲ ಹೆಂಗಸರ ತಲೆಯ ಮೇಲೂ ಸೆರಗು. ಬೆನ್ನು ನೋಡಿ ಯಾರನ್ನು ಗುರುತಿಸುವುದು? ತಪ್ಪಿ ಸರ್ಕಾರಿ ನೌಕರನ ಹೆಂಡತಿಯ ಕೈ ಹಿಡಿದೆಳೆದರೆ ಏನು ಗತಿಯೆಂಬ ಬುದ್ಧಿ ಅವನಿಗಿತ್ತು. ಆಗ ಜೊತೆಯವರಲ್ಲಿ ಒಬ್ಬ, ಹಿಂದೆ ಮಿಶನ್ ಆಸ್ಪತ್ರೆಯಲ್ಲಿ ಕಾವಲಿದ್ದವನಂತೆ, ಅವಸರ ಬೇಡ ಎಂದ. ಇವರು ಈಗ ಒಂದೇ ಪಾತ್ರೆಯಿಂದ ಕುಡಿಯುತ್ತಾರೆ, ತಮ್ಮವರಲ್ಲದವರಿಗೆ ಕೊಡುವುದಿಲ್ಲ, ಕುಡಿಯದೆ ಕೂತವಳೇ ನಮ್ಮವಳು ಎಂದು ಮರಾಠಿಯಲ್ಲಿ ವಿವರಿಸಿದ. ಹಿಂದಿನ ಬೆಂಚಿನಲ್ಲಿದ್ದ ಕುಸುಮಾವತಿಗೆ ಒಂದೊಂದು ಮಾತೂ ಕೇಳಿಸಿತು.

ಹೆಂಗಸರ ಸಾಲು ಎದ್ದಿತು. ಕುಸುಮಾವತಿ ತೋಳು ಹಿಡಿದು ಎಬ್ಬಿಸಹೋದರೂ ನಾಗಮ್ಮ ಅಲುಗಲಿಲ್ಲ.

"ನಾ ಮುಟ್ಟಿದ್ರ ನಿಮ್ಮ ದೇವರಿಗಿ ಮೈಲಿಗಿ ಆಗಲ್ಲೇನ್ರಿ ಅಕ್ಕೋರೆ?" ಎಂದಳು ಮೆಲ್ಲಗೆ.

"ದೇವರಿಗೆ ಆಗುವುದಿಲ್ಲ. ಪಾದ್ರಿಯವರದು ನನಗೆ ಗೊತ್ತಿಲ್ಲ. ನೀನು ಬಾ."

ಬಾಗಿಲಿನಿಂದ ದೂರ, ಎಲ್ಲರಿಗಿಂತ ಮುಂದೆ ಅವಳನ್ನು ಕರೆದೊಯ್ದು ಮೊಣಕಾಲೂರಿಸಿ, ತಾನೂ ಪಕ್ಕದಲ್ಲಿ ಊರಿದಳು. ರೊಟ್ಟಿಯ ತಟ್ಟೆ ಹಿಡಿದು ಬಂದ ಸದಾನಂದರ ಕೈ ನಾಗಮ್ಮನೆದುರು ನಿಂತುಬಿಟ್ಟಿತು. ಹಿಂದೆ ಚಪ್ಪಲಿಯ ಸದ್ದಾಯಿತು. ಮುಕಾದಮ ಒಳಗೆ ಕಾಲಿಟ್ಟಿದ್ದ. ಪಾದ್ರಿ ಅವನನ್ನು ನೋಡಿದರು. ಆಮೇಲೆ ನಾಗಮ್ಮನ ಮಣಿಕಟ್ಟಿನಲ್ಲಿದ್ದ ಹಗ್ಗದ ಗಾಯವನ್ನು ನೋಡಿದರು. ಕುಸುಮಾವತಿಗೆ ಪ್ರಾರ್ಥನೆ ಬರಲಿಲ್ಲ, ಸಿಟ್ಟು ಬಂತು. ಇವಳನ್ನು ದಾಟಿ ಹೋದರೆ ಈ ಭೋಜನಕ್ಕೆ ನಾನು ಮತ್ತೆಂದೂ ಬರುವುದಿಲ್ಲ ಅಂದುಕೊಂಡಳು. ಸದಾನಂದರು ರೊಟ್ಟಿ ಮುರಿದು ನಾಗಮ್ಮನ ಅಂಗೈಯಲ್ಲಿಟ್ಟರು. ಪಾತ್ರೆಯನ್ನೂ ಅವಳ ಕೈಗೆ ಕೊಟ್ಟರು.

ತುಟಿ ತಾಗಿಸಿದರೆ ಸಾಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದನ್ನು ಹೇಳಿಕೊಡಬೇಕೆಂದು ಕುಸುಮಾವತಿಗೆ ಹೊಳೆದೂ ಇರಲಿಲ್ಲ. ನಾಗಮ್ಮನ ಲೆಕ್ಕದಲ್ಲಿ, ದೊಡ್ಡವರು ಕೊಟ್ಟದ್ದನ್ನು ಉಳಿಸಿದರೆ ಅವರಿಗೆ ಅವಮಾನ. ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಕುಡಿದು ಖಾಲಿ ಪಾತ್ರೆ ಹಿಂದಿರುಗಿಸಿದಳು.

ಇಡೀ ಸಭೆ ಇನ್ನೂ ಬಾಕಿ. ಯಾರಾದರೊಬ್ಬರು ಖಾಲಿ ಎಂದರೂ ಸಾಕು, ಹೊಸಬಳು ಯಾರೆಂದು ಬಯಲಾಗುತ್ತಿತ್ತು.

ಪಾದ್ರಿ ಪಾತ್ರೆಯೊಳಗೆ ಇಣುಕಿದರು. ಬಿಳಿ ಬಟ್ಟೆಯಿಂದ ಅಂಚು ಒರೆಸಿ ಕುಸುಮಾವತಿಯ ಮುಂದೆ ಹಿಡಿದರು.

"ತೆಗೆದುಕೊಳ್ಳಮ್ಮ, ಎಲ್ಲರಿಗೂ ಸಾಲುವಷ್ಟಿದೆ."

ಅವಳು ಎತ್ತಿ ಕುಡಿದಳು. ದ್ರಾಕ್ಷಿಯ ವಾಸನೆ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ತುಟಿ ಒರೆಸಿಕೊಂಡಳು. ಪಕ್ಕದ ಜಲಜಾಕ್ಷಿ ಪಾತ್ರೆ ನೋಡಿ, ಪಾದ್ರಿಯ ಮುಖ ನೋಡಿ, ಎತ್ತಿ ಕುಡಿದಳು. ಆಚೆಯವರೂ ಕುಡಿದರು. ಕುಸುಮಾವತಿ ನಾಗಮ್ಮನೊಡನೆ ಮುಂದಿನ ಬೆಂಚಿನಲ್ಲೇ ಕೂತಳು. ಗಂಡಸರ ಸಾಲು ಬಂತು. ಬಾಗಿಲ ಬಳಿ ಮುಕಾದಮ ಒಂದೊಂದು ತಲೆಯನ್ನೂ ನೋಡುತ್ತ ನಿಂತೇ ಇದ್ದ.

ಕೊನೆಯವನು ದೇವದಾಸ. ಪಾತ್ರೆಯೊಳಗೆ ನೋಡಿದವನ ಹುಬ್ಬು ಗಂಟಿಕ್ಕಿತು. ತಿರುಗಿ ಹೆಂಡತಿಯನ್ನು ನೋಡಿದ. ಇವನು ಈಗ ಬಾಯಿ ತೆರೆಯುತ್ತಾನೆಂದು ಅವಳು ಕಣ್ಣು ಮುಚ್ಚಿಕೊಂಡಳು. ಹಿಂದೆ ಮುಕಾದಮ ಜೊತೆಯವನಿಗೆ ಬೈಯುತ್ತ ಮೆಟ್ಟಿಲಿಳಿದು ಹೋದದ್ದು ಕೇಳಿಸಿತು. ಅವಳು ಕಣ್ಣು ತೆರೆದಾಗ ದೇವದಾಸ ತಲೆಯನ್ನು ಹಿಂದಕ್ಕೆ ಬಾಗಿಸಿ ಗುಟುಕು ಗುಟುಕಾಗಿ ನುಂಗುತ್ತಿದ್ದ, ಇನ್ನೂ ಪಾತ್ರೆ ಇಳಿಸಿರಲಿಲ್ಲ.