ಪಾಸು-ಫೇಲಿಲ್ಲದ ಪ್ರಶ್ನೆಗಳು

ಮಿದುಳಿನ ಗೆಡ್ಡೆ ತೆಗೆಸಿಕೊಂಡು ಮೂರ್ನಾಲ್ಕು ತಿಂಗಳಾಗಿತ್ತು. ಹೊಲಿಗೆಯ ಮೇಲೆ ಕೂದಲು ಚಿಗುರಿತ್ತು. ಆದರೆ ಇಪ್ಪತ್ತು ವರ್ಷ ಒಂದೇ ಸೀಟಿನಲ್ಲಿ ಕೂತು ಬಸ್ಸು ಓಡಿಸಿದವನಿಗೆ ಈಗ ಒಂದು ಕಡೆ ಕೂರುವುದೇ ಆಗುತ್ತಿರಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಹೆಂಡತಿ ಜಾಗ ಹಿಡಿದಿದ್ದರೂ ಅವನು ಅಂಗಾಲು ಸುಟ್ಟ ಬೆಕ್ಕಿನಂತೆ ಕಿಟಕಿಗೂ ಬಾಗಿಲಿಗೂ ಅಲೆಯುತ್ತಿದ್ದ. ಕೆಳಗೆ ಯಾರೋ ಆಂಬುಲೆನ್ಸ್ ಹಿಂದಕ್ಕೆ ತೆಗೆಯುತ್ತಿದ್ದರು. "ಎಡಕ್ಕೆ ತಿರುಗ್ಸೋ, ಇನ್ನೂ ಎಡಕ್ಕೆ" ಎಂದು ಗಾಜಿಗೆ ಹಣೆ ಒತ್ತಿ ಗೊಣಗಿದ.

ನರ್ಸ್ ಇಬ್ಬರನ್ನೂ ಒಳಗೆ ಕರೆದಳು.

"ಗೆಡ್ಡೆ ಹೇಗಿದೆ ಅಂತ ಸ್ಕ್ಯಾನ್ ಹೇಳುತ್ತೆ ಅಣ್ಣಾ. ನೀವು ಹೇಗಿದ್ದೀರಿ ಅಂತ ನೀವೇ ಹೇಳ್ಬೇಕು. ಕಳೆದ ವಾರದ್ದು ಮಾತ್ರ. ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ನಾನು ಕೇಳೋ ಒಂದೊಂದಕ್ಕೂ ಇದರಲ್ಲಿ ಒಂದು ಹೇಳಿ. ಸುಸ್ತು?"

"ಇಲ್ಲವೇ ಇಲ್ಲ."

"ತಲೆನೋವು?"

"ಇಲ್ಲವೇ ಇಲ್ಲ."

"ಹೇಳ್ಬೇಕಾದ ಮಾತು ಬಾಯಿಗೆ ಬರದೆ ಕಷ್ಟ ಆಯ್ತಾ?"

"ಇಲ್ಲವೇ ಇಲ್ಲ." ಅವನ ಮೊಣಕಾಲು ಮೇಜಿನಡಿ ಕುಣಿಯುತ್ತಲೇ ಇತ್ತು.

"ಮೊನ್ನೆ ಬಾಚಣಿಗೆ ಅನ್ನೋ ಮಾತು ಸಿಗದೆ ಅದನ್ನ ಗೋಡೆಗೆಸೆದ್ರಲ್ಲ?" ಎಂದಳು ಹೆಂಡತಿ, ಮೆಲ್ಲಗೆ.

ಅವನು ದುರುಗುಟ್ಟಿ ನೋಡಿದ. ನರ್ಸ್ ಪೆನ್ನು ಕೆಳಗಿಟ್ಟಳು. "ಅಣ್ಣಾ, ಇದರಲ್ಲಿ ಪಾಸು-ಫೇಲು ಇಲ್ಲ."

"ಎಲ್ಲಾ ಚೆನ್ನಾಗಿದೆ ಅಂತ ಬಂದ್ರೆ ಬಸ್ಸು ಓಡಿಸ್ಬಹುದು ಅಂತ ಡಾಕ್ಟ್ರು ಡಿಪೋಗೆ ಕಾಗದ ಬರ್ಕೊಡಲ್ವಾ?"

"ಇಲ್ಲ. ಫಿಟ್ಸ್ ಬಂದಿದೆ, ಬಸ್ಸು ಬೇಡ ಅಂತ ಅವರು ಆಗ್ಲೇ ಹೇಳಿದ್ದಾರೆ. ಇದು ನಿಮ್ಮ ಮಾತ್ರೆ ನಿಮ್ಮನ್ನ ಏನು ಮಾಡ್ತಿದೆ ಅಂತ ತಿಳಿಯೋಕೆ. ಮುಚ್ಚಿಟ್ರೆ ನಿಮಗೇ ನಷ್ಟ."

ವಾರವಿಡೀ ಎದೆಯಲ್ಲಿ ಕಟ್ಟಿಕೊಂಡಿದ್ದ ಆಸೆ ಅಲ್ಲೇ ಪುಸ್ಸೆಂದಿತು. ಅವನು ಕುರ್ಚಿ ತಳ್ಳಿ ಎದ್ದು ಹೊರಗೆ ನಡೆದುಬಿಟ್ಟ.

ಹೆಂಡತಿ ಹಿಂದೆಯೇ ಬಂದಳು. "ಹೋಗ್ಲಿ ಬಿಡಿ, ನೀರು ಕುಡೀರಿ. ನಿಮಗೆ ಬೇಡ ಅಂದ್ರೆ ಮನೆಗೆ ಹೋಗೋಣ."

"ಅದೇ! ಅದೇ ನನಗಾಗಲ್ಲ!" ಅವನ ದನಿ ಏರಿತು. "ಮೊದ್ಲು ಚಪ್ಪಲಿ ಓರೆಯಾಗಿ ಬಿಟ್ರೂ ಮನೇನೇ ತಲೆಕೆಳಗೆ ಮಾಡ್ತಿದ್ದೆ ನೀನು. ಈಗ ಬಾಚಣಿಗೆ ಎಸೆದ್ರೂ 'ಹೋಗ್ಲಿ ಬಿಡಿ.' ಮಗಳೂ ಹಾಗೇ, ಫೋನಲ್ಲಿ ನಿನ್ನ ತಮ್ಮನೂ ಹಾಗೇ. ನಾನೇನು ಸತ್ತು ಗೋಡೇಲಿ ಫೋಟೋ ಆಗಿದ್ದೀನಾ, ಎಲ್ರೂ ನನ್ ಮುಂದೆ ಮೆತ್ತಗೆ ಮಾತಾಡೋಕೆ? ಇದನ್ನ ಯಾಕೆ ಕೇಳಲ್ಲ ಆ ನರ್ಸು?"

ಹೆಂಡತಿಯ ತುಟಿ ನಡುಗಿತು. ಅಳುತ್ತಾಳೆಂದು ಅವನು ಹೆದರಿದ. ಅಳಲಿಲ್ಲ, ಸಿಟ್ಟಿನ ಕಟ್ಟೆಯೊಡೆಯಿತು.

"ಜಗಳ ಬೇಕಾ ನಿಮಗೆ? ತಗೊಳ್ಳಿ! ಎಸೆದ ಬಾಚಣಿಗೆ ಮಗಳ ಕಿವಿ ಪಕ್ಕ ಹೋಯ್ತು, ಗೊತ್ತಾ? ಸುಸ್ತೇ ಇಲ್ವಂತೆ! ಒಂದು ತೋಳಿಗೆ ಅಂಗಿ ಹಾಕ್ಕೊಂಡು ಮಧ್ಯಾಹ್ನದವರೆಗೂ ಬಿದ್ಕೊಂಡಿದ್ದು ಯಾರು, ನಿಮ್ಮಪ್ಪನಾ? ಬೈದ್ರೆ ಎಲ್ಲಿ ಫಿಟ್ಸ್ ಬರುತ್ತೋ ಅಂತ ನಾಲಿಗೆ ಕಚ್ಕೊಂಡು ಕಚ್ಕೊಂಡು ನನಗೂ ಸಾಕಾಗಿದೆ!"

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವನಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಜೊತೆಗೇ, ಎಷ್ಟೋ ದಿನದ ಮೇಲೆ, ಮನೆಯಲ್ಲಿದ್ದಂತೆನಿಸಿತು.

"ಮಗಳಿಗೆ ತಗಲ್ತಾ?" ಎಂದ.

"ಇಲ್ಲ. ಹೆದರಿದ್ಳು."

ಅವನು ತಾನೇ ಒಳಗೆ ಹೋಗಿ, "ಮೊದಲಿಂದ ಕೇಳಮ್ಮ" ಎಂದ.

ಈ ಸಲ ಸುಸ್ತಿಗೆ ತುಂಬಾ, ಸಿಡುಕಿಗೆ ತುಂಬಾ, ಮಾತು ಸಿಗದ್ದಕ್ಕೆ ಸಾಕಷ್ಟು. ಮುಂದೇನೋ ಎಂಬ ಭಯ ಕಾಡುತ್ತದೆಯೇ ಎಂದಾಗ ಕುಣಿಯುತ್ತಿದ್ದ ಅವನ ಮೊಣಕಾಲು ನಿಂತಿತು. "ಅದಕ್ಕೆ ತುಂಬಾಗಿಂತ ಮೇಲೆ ಏನಿಲ್ವಾ?" ಎಂದ. ಇಲ್ಲವೆಂದು ನರ್ಸ್ ತಲೆಯಾಡಿಸಿದಳು.

ಉತ್ತರಗಳನ್ನು ನೋಡಿದ ಡಾಕ್ಟರು ಫಿಟ್ಸ್ ಮಾತ್ರೆಯೇ ಕೆಲವರಲ್ಲಿ ಸಿಡುಕು ತರುತ್ತದೆಂದು ಬೇರೆ ಮಾತ್ರೆಗೆ ಬದಲಿಸಿದರು. ಮುಂದಿನ ಸ್ಕ್ಯಾನ್ ಬಗ್ಗೆ ಮಾತ್ರ ಅವರು ಏನೂ ಭರವಸೆ ಕೊಡಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಅವನು ಡ್ರೈವರನ ಹಿಂದಿನ ಸೀಟು ಹಿಡಿದ. ತಿರುವು ಬಂದಾಗಲೆಲ್ಲ ಅಲ್ಲಿಲ್ಲದ ಬ್ರೇಕನ್ನು ಅವನ ಬಲಗಾಲು ಒತ್ತುತ್ತಿತ್ತು.

"ಸುಮ್ನೆ ಕೂತ್ಕೊಳ್ರೀ, ಸೀಟೆಲ್ಲ ಅಲ್ಲಾಡ್ತಿದೆ" ಎಂದು ಹೆಂಡತಿ ಗದರಿದಳು.

"ಇವ್ನು ಕ್ಲಚ್ ಸುಟ್ಟುಹಾಕ್ತಾನೆ ಕಣೇ" ಎಂದ ಅವನು, ಮುಂದಿದ್ದ ಡ್ರೈವರನಿಗೂ ಕೇಳುವಂತೆ.